ಮಾಂಸ ಬೆಂದಿತು, ಬೇಳೆ ಏಕೆ ಬೇಯಲಿಲ್ಲ?

ಅಮೆರಿಕದಲ್ಲಿ ಓದುತ್ತಿರುವ ಮಗನಿಗೆ ಬಂದ ಸಂಶಯವೊಂದನ್ನು ಚಿತ್ತಾಪುರದ ಓದುಗರೊಬ್ಬರು ಈ ಅಂಕಣಕ್ಕೆ ದಾಟಿಸಿದ್ದಾರೆ. ಹುಡುಗನ ಕೋಣೆಯಲ್ಲಿ ‘ಸ್ಲೋ ಕುಕ್ಕರ್’ ಎಂಬ ವಿದ್ಯುತ್ ಪಾತ್ರೆ ಇದೆ. ಜೊತೆಗಿರುವ ಮೆಕ್ಸಿಕೊ ದೇಶದ ಗೆಳೆಯ ಹಂದಿ ಮಾಂಸದ ದಪ್ಪ ತುಂಡುಗಳನ್ನು ಹಸಿ ಮೆಣಸಿನಕಾಯಿ ಮತ್ತು ಹುಳಿ ಕಾಯಿಗಳನ್ನು ಅರೆದ ಮಸಾಲೆಯಲ್ಲಿ ಮುಳುಗಿಸಿ, ಬೆಳಿಗ್ಗೆ ಸ್ವಿಚ್ ಹಾಕಿ ಕಾಲೇಜಿಗೆ ಹೋಗುತ್ತಾನೆ. ಸಂಜೆ ಬರುವ ಹೊತ್ತಿಗೆ ಮಾಂಸ ಎಳೆಎಳೆಯಾಗಿ ಬಿಡಿಸಿಕೊಳ್ಳುವಷ್ಟು ಮೆತ್ತಗಾಗಿರುತ್ತದೆ. ಇದನ್ನು ನೋಡಿ ನಮ್ಮ ಹುಡುಗ ಅದೇ ಪಾತ್ರೆಯಲ್ಲಿ ತೊಗರಿ ಬೇಳೆ, ಭಾರತೀಯ ಅಂಗಡಿಯಲ್ಲಿ ಸಿಕ್ಕ ಪುಂಡಿ ಸೊಪ್ಪು, ಹಸಿ ಮೆಣಸಿನಕಾಯಿ ಎಲ್ಲವನ್ನೂ ಒಟ್ಟಿಗೇ ಹಾಕಿಟ್ಟು ಹೋದ. ಎಂಟು ಗಂಟೆಯ ಮೇಲೆ ಬಂದು ಮುಚ್ಚಳ ತೆಗೆದರೆ ಸೊಪ್ಪು ಕರಗಿದೆ, ಬೇಳೆ ಮಾತ್ರ ಬಿಡಿಬಿಡಿಯಾಗಿ ಗಟ್ಟಿಯಾಗಿಯೇ ಇದೆ! ಗಟ್ಟಿ ಮಾಂಸವನ್ನು ಬಗ್ಗಿಸಿದ ಪಾತ್ರೆಗೆ ಹಿಡಿ ಬೇಳೆ ಏಕೆ ಬಗ್ಗಲಿಲ್ಲ?

ಇದು ಅಮೆರಿಕದ ಸಮಸ್ಯೆ ಎಂದು ತಳ್ಳಿಹಾಕುವಂತಿಲ್ಲ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಕಡೆಯ ಮನೆಗಳಲ್ಲಿ “ಎಷ್ಟು ಹೊತ್ತಾದರೂ ಬ್ಯಾಳಿ ಬೇಯವಲ್ಲದು” ಎಂಬ ಮಾತನ್ನು ಎಲ್ಲರೂ ಕೇಳಿದವರೇ. ಬೈಸಿಕೊಳ್ಳುವವನು ಸಾಮಾನ್ಯವಾಗಿ ಅಂಗಡಿಯವನು, ಇಲ್ಲವೇ ಬೆಳೆದ ರೈತ. 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ತೊಗರಿ ನಮ್ಮದು. ಅದರ ಮೇಲೆ ತಪ್ಪು ಹೊರಿಸುವ ಮೊದಲು ಪಾತ್ರೆಯೊಳಗೆ ಏನು ನಡೆಯುತ್ತದೆ ಎಂಬುದನ್ನು ನೋಡೋಣ.

ನಿಧಾನ ಉರಿಯ ಪಾತ್ರೆ

ಸ್ಲೋ ಕುಕ್ಕರಿನ ರಚನೆ ತೀರ ಸರಳ. ಹೊರಗೊಂದು ಲೋಹದ ಕವಚ, ಅದರ ಗೋಡೆಯಲ್ಲಿ ವಿದ್ಯುತ್ ತಂತಿಯ ಸುರುಳಿ, ಒಳಗೆ ದಪ್ಪ ಪಿಂಗಾಣಿ ಪಾತ್ರೆ, ಮೇಲೆ ಮುಚ್ಚಳ. ಶಾಖ ನಿಧಾನವಾಗಿ ಏರಿ ಕುದಿಯುವ ಬಿಂದುವಿನ ಹತ್ತಿರ ನಿಲ್ಲುತ್ತದೆ. ಆವಿ ಮುಚ್ಚಳಕ್ಕೆ ತಾಗಿ ನೀರಾಗಿ ಮತ್ತೆ ಪಾತ್ರೆಗೇ ಬೀಳುವುದರಿಂದ ತಳ ಹಿಡಿಯುವುದಿಲ್ಲ. ಅಮೆರಿಕದ ಇರ್ವಿಂಗ್ ನ್ಯಾಕ್ಸನ್ ಎಂಬಾತ ಇಂಥ ಪಾತ್ರೆಗೆ 1940ರಲ್ಲಿ ಪೇಟೆಂಟ್ ಪಡೆದ. 1971ರಲ್ಲಿ ಅದು ‘ಕ್ರಾಕ್ ಪಾಟ್’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂದು ಮನೆಮಾತಾಯಿತು. ಅದಕ್ಕೂ ಎಷ್ಟೋ ಮುಂಚೆ, 1910ರಲ್ಲಿಯೇ, ಬಂಗಾಳದ ಡಾ. ಇಂದುಮಾಧವ ಮಲ್ಲಿಕ್ ಇದ್ದಿಲ ಸಣ್ಣ ಕಾವಿನಲ್ಲಿ ಹಬೆಯಿಂದ ಅಡುಗೆ ಬೇಯಿಸುವ ‘ಇಕ್‌ಮಿಕ್ ಕುಕ್ಕರ್’ ರೂಪಿಸಿದ್ದರು. ಕುಳ್ಳಿನ ಬೂದಿಗಾವಿನ ಮೇಲೆ ದಿನವಿಡೀ ಕೆನೆಗಟ್ಟುತ್ತಿದ್ದ ಹಾಲಿನ ಗಡಿಗೆ, ರಂಜಾನ್ ತಿಂಗಳಲ್ಲಿ ಭಟ್ಟಿಯ ಮೇಲೆ ಗಂಟೆಗಟ್ಟಲೆ ಬೇಯುವ ಹಲೀಮ್ ಇವೆಲ್ಲ ಇದೇ ಜಾತಿಯ ಅಡುಗೆಗಳು.

ಪ್ರೆಷರ್ ಕುಕ್ಕರಿನ ದಾರಿ ಇದಕ್ಕೆ ತೀರ ವಿರುದ್ಧ. ಅಲ್ಲಿ ಒತ್ತಡ ಹೆಚ್ಚಿ ನೀರು ಸುಮಾರು 120 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯುತ್ತದೆ, ಕೆಲಸ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ. ಸ್ಲೋ ಕುಕ್ಕರಿನಲ್ಲಿ ಉಷ್ಣತೆ ಕಡಿಮೆ, ಸಮಯ ಹೆಚ್ಚು. 200 ವಾಟ್‌ನ ಪಾತ್ರೆ ಎಂಟು ಗಂಟೆ ಉರಿದರೆ ಖರ್ಚಾಗುವುದು 1.6 ಯೂನಿಟ್. ಎಂಟನೆಯ ತರಗತಿಯವರು ಈ ಲೆಕ್ಕವನ್ನು ತಾವೇ ಮಾಡಿ ನೋಡಬಹುದು.

ಮಾಂಸ ಮೆತ್ತಗಾಗುವ ಬಗೆ

ಪ್ರಾಣಿಯ ಹೆಗಲಿನಂಥ ದುಡಿಯುವ ಭಾಗದಲ್ಲಿ ಸ್ನಾಯುವಿನ ಎಳೆಗಳನ್ನು ಹಿಡಿದು ಕಟ್ಟಿರುವ ಪ್ರೋಟೀನೊಂದು ಹೇರಳವಾಗಿರುತ್ತದೆ. ಅದರ ಹೆಸರು ಕೊಲಾಜನ್. ಮೂರು ಎಳೆಗಳನ್ನು ಹೊಸೆದ ಹಗ್ಗದಂತೆ ಅದರ ರಚನೆ. ಈ ಮೂರೆಳೆಯ ಮಾದರಿಯನ್ನು 1954ರಲ್ಲಿ ಮುಂದಿಟ್ಟವರು ಮದ್ರಾಸ್ ವಿಶ್ವವಿದ್ಯಾಲಯದಲ್ಲಿದ್ದ ಜಿ.ಎನ್. ರಾಮಚಂದ್ರನ್ ಮತ್ತು ಗೋಪಿನಾಥ ಕರ್ತಾ ಎಂಬುದು ನಾವೆಲ್ಲ ಹೆಮ್ಮೆಪಡಬೇಕಾದ ಸಂಗತಿ. ರಾಮಚಂದ್ರನ್ ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಅಲ್ಲಿ ಆಣ್ವಿಕ ಜೈವಿಕ ಭೌತವಿಜ್ಞಾನ ವಿಭಾಗವನ್ನು ಕಟ್ಟಿದರು.

ಉಷ್ಣತೆ 60–70 ಡಿಗ್ರಿ ದಾಟಿ ನೀರಿನಲ್ಲಿ ಗಂಟೆಗಟ್ಟಲೆ ನಿಂತರೆ ಈ ಹಗ್ಗದ ಹೊಸೆತ ಬಿಚ್ಚಿಕೊಂಡು ಕೊಲಾಜನ್ ಜೆಲಟಿನ್ ಆಗುತ್ತದೆ. ಕಟ್ಟು ಕಳಚಿದ ಮೇಲೆ ಸ್ನಾಯುವಿನ ಎಳೆಗಳು ತಾವಾಗಿಯೇ ಬಿಡಿಸಿಕೊಳ್ಳುತ್ತವೆ. ಇಲ್ಲಿ ಹುಳಿ ಅಡ್ಡಿಯಾಗುವುದಿಲ್ಲ, ಬದಲಿಗೆ ಕೊಲಾಜನ್ ಸಡಿಲವಾಗಲು ನೆರವಾಗುತ್ತದೆ. ಮೆಕ್ಸಿಕೊದವರು ‘ತೊಮಾತಿಯೊ’ ಎಂಬ ಹಸಿರು ಹುಳಿಕಾಯಿ ಹಾಕುತ್ತಾರೆ. ಕಾಗದದಂಥ ಹೊದಿಕೆಯೊಳಗೆ ಅಡಗಿರುವ ಕಾಯಿ ಅದು. ನಮ್ಮ ಕೊಡಗಿನವರು ಪಂದಿ ಕರಿಗೆ ಕಾಚಂಪುಳಿ ಹಾಕುತ್ತಾರೆ. ಸಾವಿರಾರು ಮೈಲಿ ದೂರದ ಎರಡು ಅಡುಗೆಮನೆಗಳು ಒಂದೇ ಉಪಾಯವನ್ನು ಬೇರೆ ಬೇರೆಯಾಗಿ ಕಂಡುಕೊಂಡಿವೆ.

ಬೇಳೆಯ ಗಾರೆ

ಬೇಳೆಯ ಕಥೆಯೇ ಬೇರೆ. ಅದರಲ್ಲಿ ಕೊಲಾಜನ್ ಇಲ್ಲ. ಸಸ್ಯದ ಜೀವಕೋಶಗಳನ್ನು ಗೋಡೆಯ ಇಟ್ಟಿಗೆಗಳೆಂದು ಭಾವಿಸಿದರೆ, ಅವುಗಳ ನಡುವಿನ ಗಾರೆಯೇ ಪೆಕ್ಟಿನ್ ಎಂಬ ವಸ್ತು. ಬೇಯುವುದೆಂದರೆ ಈ ಗಾರೆ ಕರಗಿ ಇಟ್ಟಿಗೆಗಳು ಸಡಿಲಾಗುವುದು. ನಾವು “ಬೇಳೆ ಅರಳಿತು” ಎನ್ನುವುದು ಇದನ್ನೇ.

ಪೆಕ್ಟಿನ್ ಕರಗುವುದನ್ನು ಎರಡು ವಸ್ತುಗಳು ತಡೆಯುತ್ತವೆ. ಮೊದಲನೆಯದು ಹುಳಿ. ಆಮ್ಲದಲ್ಲಿ ಪೆಕ್ಟಿನ್ ಸುಲಭವಾಗಿ ತುಂಡಾಗುವುದಿಲ್ಲ, ಗಾರೆ ಗಟ್ಟಿಯಾಗಿಯೇ ನಿಲ್ಲುತ್ತದೆ. ಹುಡುಗನ ಪಾತ್ರೆಯಲ್ಲಿ ಆದದ್ದು ಇದೇ. ಪುಂಡಿ ಸೊಪ್ಪಿನ ಹುಳಿ ಮೊದಲ ಗಳಿಗೆಯಿಂದಲೇ ಬೇಳೆಯನ್ನು ಸುತ್ತುವರಿಯಿತು. ಉಷ್ಣತೆಯೂ ನಿಧಾನವಾಗಿ ಏರುವಂಥದು. ಎಂಟು ಗಂಟೆಯಲ್ಲ, ಹತ್ತು ಗಂಟೆ ಇಟ್ಟಿದ್ದರೂ ದೊಡ್ಡ ವ್ಯತ್ಯಾಸ ಆಗುತ್ತಿರಲಿಲ್ಲ. ಸಾರಿಗೆ ಹುಣಸೆಹಣ್ಣನ್ನು ಬೇಳೆ ಬೆಂದ ಮೇಲೆಯೇ ಹಿಂಡಬೇಕೆಂಬ ಅಜ್ಜಿಯರ ಕಟ್ಟಳೆಯಲ್ಲಿ ಇಷ್ಟು ರಸಾಯನವಿಜ್ಞಾನ ಅಡಗಿದೆ.

ಎರಡನೆಯದು ಕ್ಯಾಲ್ಸಿಯಂ. ನೀರಿನಲ್ಲಿರುವ ಕ್ಯಾಲ್ಸಿಯಂ ಕಣಗಳು ಪೆಕ್ಟಿನ್ನಿನ ಎಳೆಗಳನ್ನು ಒಂದಕ್ಕೊಂದು ಬೆಸೆಯುತ್ತವೆ, ಗಾರೆಗೆ ಸಿಮೆಂಟು ಬೆರೆಸಿದ ಹಾಗೆ! ಹೋಲಿಕೆಯೇನೋ ನಮ್ಮ ಊರುಗಳಿಗೆ ತಕ್ಕದ್ದೇ. ಕಾಗಿಣಾ ನದಿಯ ಆಸುಪಾಸಿನ ಸೇಡಂ, ಮಳಖೇಡ, ಚಿತ್ತಾಪುರ, ವಾಡಿ, ಶಹಾಬಾದ್ ಎಲ್ಲ ಸುಣ್ಣದ ಕಲ್ಲಿನ ಹಾಸಿನ ಮೇಲೆ ಕುಳಿತಿರುವ ಊರುಗಳು. ಆ ಕಲ್ಲಿನಿಂದಲೇ ಇಲ್ಲಿ ಸಿಮೆಂಟ್ ಕಾರ್ಖಾನೆಗಳು ಹುಟ್ಟಿದವು, ಆ ಕಲ್ಲೇ ಶಹಾಬಾದ್ ಫರಸಿಯಾಗಿ ದೇಶದ ಮೂಲೆಮೂಲೆಯ ಮನೆಗಳ ನೆಲ ಸೇರಿತು. ಕುಲುಮೆಯಲ್ಲಿ ಸುಮಾರು 1450 ಡಿಗ್ರಿ ಶಾಖದಲ್ಲಿ ಸಿಮೆಂಟಿನ ಗಟ್ಟಿಯಾಗುವ ಕಲ್ಲು, ಭೂಮಿಯೊಳಗೆ ತಣ್ಣನೆಯ ಮಳೆನೀರಿಗೂ ಅಷ್ಟಿಷ್ಟು ಕರಗುತ್ತದೆ. ಮಳೆನೀರು ಮಣ್ಣಿನಲ್ಲಿಳಿಯುವಾಗ ಇಂಗಾಲದ ಡೈ ಆಕ್ಸೈಡನ್ನು ಹೀರಿ ಸೌಮ್ಯ ಆಮ್ಲವಾಗುತ್ತದೆ. ಅದು ಸುಣ್ಣಕಲ್ಲನ್ನು ಕ್ಯಾಲ್ಸಿಯಂ ಬೈಕಾರ್ಬೊನೇಟ್ ಆಗಿ ಕರಗಿಸಿ ಬಾವಿಗೂ ಬೋರ್‌ವೆಲ್‌ಗೂ ತರುತ್ತದೆ. ಪಠ್ಯಪುಸ್ತಕದಲ್ಲಿ ‘ಗಡಸು ನೀರು’ ಎಂದು ಓದಿದ್ದು ಇದೇ. ಚಿಂಚೋಳಿಯ ಗುಡ್ಡಗಳ ಮೇಲೆ ಕೆಂಪು ಜಂಬಿಟ್ಟಿಗೆ ಕಲ್ಲಿದೆ. ಒಂದು ಊರಿನ ನೀರಿನಲ್ಲಿ ಬೇಗ ಬೆಂದ ಬೇಳೆ ಇನ್ನೊಂದು ಊರಿನ ನೀರಿನಲ್ಲಿ ತಡವಾಗಲು ಕೆಳಗಿನ ಕಲ್ಲೂ ಕಾರಣವಾಗಬಹುದು.

ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಒಂದು ಲೀಟರಿನಲ್ಲಿ ಗಡಸುತನ 200 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರು ಇಲ್ಲದಿದ್ದರೆ 600ರವರೆಗೆ ನಡೆಯುತ್ತದೆ. ಕುಡಿಯಲು ನಡೆಯುವ ನೀರಾದರೂ ಬೇಳೆ ಬೇಯಿಸಲು ಸತಾಯಿಸಬಹುದು.

ಹಾಗಾದರೆ ಏನು ಮಾಡಬೇಕು?

ಹಲವರು ಚಿಟಿಕೆ ಸೋಡಾ ಹಾಕುತ್ತಾರೆ. ಸೋಡಾ ಕ್ಷಾರವಾದ್ದರಿಂದ ಪೆಕ್ಟಿನ್ ಬೇಗ ಒಡೆಯುತ್ತದೆ, ಬೇಳೆ ಮೆತ್ತಗಾಗುತ್ತದೆ ನಿಜ. ಆದರೆ ಅದರ ಜೊತೆಗೇ ಬೇಳೆಯಲ್ಲಿರುವ ಥಯಮಿನ್, ಅಂದರೆ ಬಿ1 ಜೀವಸತ್ವ, ನಾಶವಾಗುತ್ತದೆ. ಬೆಳೆಯುವ ಮಕ್ಕಳ ತಟ್ಟೆಯಿಂದ ಅದನ್ನು ಕಸಿದುಕೊಳ್ಳುವುದು ತರವಲ್ಲ. 2002ರಲ್ಲಿ ಅಕ್ಷರ ದಾಸೋಹದ ಬಿಸಿಯೂಟ ಮೊದಲು ಆರಂಭವಾದದ್ದು ನಮ್ಮ ಕಲಬುರಗಿಯೂ ಸೇರಿದಂತೆ ಈಶಾನ್ಯದ ಏಳು ಜಿಲ್ಲೆಗಳಲ್ಲಿ. ಎಷ್ಟೋ ಮಕ್ಕಳಿಗೆ ದಿನದ ಮುಖ್ಯ ಪ್ರೋಟೀನು ಆ ಬೇಳೆಯ ಸಾಂಬಾರಿನಿಂದಲೇ ಬರುತ್ತದೆ. ಗಂಟೆ ಹೊಡೆಯುವ ಹೊತ್ತಿಗೆ ಅದು ಬೆಂದಿರಬೇಕು, ಸತ್ವವೂ ಉಳಿದಿರಬೇಕು.

ಸೋಡಾಕ್ಕಿಂತ ಒಳ್ಳೆಯ ದಾರಿಗಳಿವೆ. ನೀರನ್ನು ಹದಿನೈದು ನಿಮಿಷ ಚೆನ್ನಾಗಿ ಕುದಿಸಿ, ಆರಲು ಬಿಡಿ. ಬೈಕಾರ್ಬೊನೇಟ್ ಒಡೆದು ಸುಣ್ಣ ಬಿಳಿಯ ಪುಡಿಯಾಗಿ ತಳ ಸೇರುತ್ತದೆ. ಮೇಲಿನ ತಿಳಿನೀರನ್ನು ಬಗ್ಗಿಸಿಕೊಂಡು ಬೇಳೆಗೆ ಬಳಸಿ. ನೀರು ಕಾಯಿಸುವ ಹಂಡೆಯ ತಳದಲ್ಲಿ ಕಟ್ಟುವ ಬಿಳಿ ಗಟ್ಟಿಯೂ ಇದೇ ಸುಣ್ಣ. ಆದರೆ ಕುದಿಸುವುದರಿಂದ ಹೋಗುವುದು ತಾತ್ಕಾಲಿಕ ಗಡಸುತನ ಮಾತ್ರ. ಸಲ್ಫೇಟು, ಕ್ಲೋರೈಡುಗಳಿಂದ ಬಂದ ಶಾಶ್ವತ ಗಡಸುತನ ಹೋಗುವುದಿಲ್ಲ. ಅಂಥಲ್ಲಿ ಶುದ್ಧ ಕುಡಿಯುವ ನೀರಿನ ಘಟಕದಿಂದ ತಂದ ನೀರನ್ನೋ, ಸ್ವಚ್ಛವಾಗಿ ಹಿಡಿದಿಟ್ಟ ಮಳೆನೀರನ್ನೋ ಬೇಳೆಗೆ ಮಾತ್ರ ಬಳಸಿದರೂ ಸಾಕು. ಅರ್ಧ ಗಂಟೆ ಮೊದಲೇ ನೆನೆಹಾಕಿದರೆ ಇನ್ನೂ ಸುಲಭ. ಉಪ್ಪು ಹಾಕಿದರೆ ಬೇಳೆ ಬೇಯುವುದಿಲ್ಲ ಎಂಬುದು ಮಾತ್ರ ತಪ್ಪು ತಿಳಿವಳಿಕೆ. ಉಪ್ಪಿನ ಸೋಡಿಯಂ ಕ್ಯಾಲ್ಸಿಯಮ್ಮಿನ ಜಾಗ ಹಿಡಿದು ಗಾರೆಯನ್ನು ಸಡಿಲಿಸುತ್ತದೆ.

ಹುಡುಗನಿಗೆ ಹೇಳಬೇಕಾದದ್ದು ಇಷ್ಟು: ಮೊದಲು ಬರೀ ಬೇಳೆ, ನೀರು, ಚೂರು ಅರಿಸಿನ. ಅದು ಪೂರ್ತಿ ಅರಳಿದ ಮೇಲೆ, ಬೇರೆ ಪಾತ್ರೆಯಲ್ಲಿ ಬೇಯಿಸಿ ಹಿಂಡಿದ ಪುಂಡಿ ಸೊಪ್ಪು, ಹಸಿ ಮೆಣಸಿನಕಾಯಿ, ಬೆಳ್ಳುಳ್ಳಿ ಸೇರಿಸಿ ಮಸೆದು ಒಗ್ಗರಣೆ ಕೊಡಬೇಕು. ಜೋಳದ ರೊಟ್ಟಿ ಅಲ್ಲಿ ಸಿಗದಿದ್ದರೆ ಗೆಳೆಯನ ಮೆಕ್ಕೆಜೋಳದ ರೊಟ್ಟಿಯೂ ಆದೀತು. ಹಸಿರು ಮಾಸಿ ಪಲ್ಯ ಮಂಕಾದರೆ ಗಾಬರಿ ಬೇಡ. ಹುಳಿಯಲ್ಲಿ ಕುದಿದಾಗ ಪತ್ರಹರಿತ್ತಿನೊಳಗಿನ ಮೆಗ್ನೀಸಿಯಂ ಕಳಚಿಕೊಳ್ಳುವುದರಿಂದ ಹಾಗಾಗುತ್ತದೆ. ಮೆಕ್ಸಿಕೊದ ಹಸಿರು ಮಸಾಲೆಯೂ ಅದೇ ಕಾರಣಕ್ಕೆ ಮಂಕು. ಖಾರ ಮಾತ್ರ ಎಷ್ಟು ಹೊತ್ತು ಬೆಂದರೂ ಹೋಗುವುದಿಲ್ಲ. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರ ಹಡಗಿನಲ್ಲಿ ನಮ್ಮ ನೆಲಕ್ಕೆ ಬಂದ ಮೆಣಸಿನಕಾಯಿಯ ತವರು ಆ ಗೆಳೆಯನ ನಾಡೇ.

ಎರಡು ಎಚ್ಚರಿಕೆಗಳು

ದೂರದ ಊರಿನಲ್ಲಿ ತಾವೇ ಅಡುಗೆ ಮಾಡಿಕೊಳ್ಳುವ ಮಕ್ಕಳು ಈ ಭಾಗವನ್ನು ತಪ್ಪದೆ ಓದಬೇಕು. ಒಂದು: ಹಸಿ ರಾಜ್ಮಾ ಕಾಳನ್ನು ಸ್ಲೋ ಕುಕ್ಕರಿಗೆ ನೇರವಾಗಿ ಹಾಕಲೇಬಾರದು. ಅದರಲ್ಲಿರುವ ಲೆಕ್ಟಿನ್ ಎಂಬ ವಿಷವಸ್ತು ನಾಶವಾಗಲು ಭರಭರನೆ ಕುದಿಯಬೇಕು. ಅರೆಕಾವಿನಲ್ಲಿ ವಿಷ ಹೆಚ್ಚುವ ಸಂಭವವೇ ಇದೆ. ನಾಲ್ಕೈದು ಅರೆಬೆಂದ ಕಾಳುಗಳೂ ವಾಂತಿಭೇದಿ ತರಬಲ್ಲವು. ರಾತ್ರಿ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಅರ್ಧ ಗಂಟೆ ಕುದಿಸಿದ ಮೇಲೆಯೇ ನಿಧಾನ ಪಾತ್ರೆಗೆ ಹಾಕಬೇಕು. 5ರಿಂದ 60 ಡಿಗ್ರಿ ನಡುವೆ ಸೂಕ್ಷ್ಮಜೀವಿಗಳು ಹುಲುಸಾಗಿ ಬೆಳೆಯುತ್ತವೆ. ಆದ್ದರಿಂದ ಮಂಜುಗಟ್ಟಿದ ಮಾಂಸವನ್ನು ಹಾಗೆಯೇ ಹಾಕಬಾರದು. ನಮ್ಮೂರುಗಳಲ್ಲಿ ಈ ಪಾತ್ರೆ ಕೊಂಡವರು ಕರೆಂಟು ಹೋಗಿ ಬಂದ ದಿನ ಎಷ್ಟು ಹೊತ್ತು ಆರಿತ್ತೆಂದು ತಿಳಿಯದಿದ್ದರೆ ಆ ಅಡುಗೆಯನ್ನು ಚೆಲ್ಲುವುದೇ ಕ್ಷೇಮ.

ಎರಡು: ಹಂದಿ ಮಾಂಸ ತಿನ್ನುವುದು ಬಿಡುವುದು ಅವರವರ ಮನೆಯ ಪದ್ಧತಿ. ತಿನ್ನುವವರು ಒಳಗಿನವರೆಗೂ ಪೂರ್ತಿ ಬೇಯಿಸಬೇಕು. ಅರೆಬೆಂದ ಮಾಂಸದಿಂದ ಲಾಡಿಹುಳು ಕರುಳು ಸೇರುತ್ತದೆ. ಆದರೆ ಸಸ್ಯಾಹಾರಿಗಳು ನಿಶ್ಚಿಂತರಾಗುವಂತಿಲ್ಲ. ಈ ಹುಳುವಿನ ಮೊಟ್ಟೆಗಳು ಹರಡುವುದು ಹುಳುವಿರುವ ಮನುಷ್ಯನ ಮಲದಿಂದ. ಬಯಲು ಮಲದಿಂದ ಮಣ್ಣಿಗೆ, ಮಣ್ಣಿನಿಂದ ಸೊಪ್ಪಿಗೆ, ತೊಳೆಯದ ಕೈಯಿಂದ ಬಾಯಿಗೆ ಅವು ಬರುತ್ತವೆ. ಹಾಗೆ ಒಳಹೊಕ್ಕ ಮೊಟ್ಟೆಯ ಮರಿ ಮಿದುಳಿಗೆ ಸೇರಿದರೆ ಫಿಟ್ಸ್ ಬರುತ್ತದೆ. ತಡೆಗಟ್ಟಬಹುದಾದ ಮೂರ್ಛೆರೋಗದ ಪ್ರಮುಖ ಕಾರಣಗಳಲ್ಲಿ ಇದೂ ಒಂದೆಂದು ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸಿದೆ. ಫಿಟ್ಸ್ ಬಂದ ಮಗುವಿನ ಮೂಗಿಗೆ ಈರುಳ್ಳಿ ಹಿಡಿಯುವುದು, ಕೈಗೆ ಕಬ್ಬಿಣ ಕೊಡುವುದು ಬಿಟ್ಟು ಆಸ್ಪತ್ರೆಗೆ ಕರೆದೊಯ್ಯಿರಿ, ಚಿಕಿತ್ಸೆ ಇದೆ. ಶೌಚಾಲಯ ಬಳಸುವುದು, ಸೋಪು ಹಚ್ಚಿ ಕೈ ತೊಳೆಯುವುದು, ಸೊಪ್ಪನ್ನು ಮೂರು ನೀರಿನಲ್ಲಿ ತೊಳೆಯುವುದು ಎಲ್ಲರ ಮನೆಗೂ ಬೇಕಾದ ಕೆಲಸ.

ಮನೆಯಲ್ಲೇ ಪ್ರಯೋಗ

ಬರುವ ಭಾನುವಾರ, ಮನೆಯ ಹಿರಿಯರು ಜೊತೆಗಿರುವಾಗ ಇದನ್ನು ಮಾಡಿ ನೋಡಿ. ಒಂದೇ ಅಳತೆಯ ಮೂರು ಸ್ಟೀಲ್ ಬಟ್ಟಲುಗಳಲ್ಲಿ ಎರಡೆರಡು ಚಮಚ ತೊಗರಿ ಬೇಳೆ ಹಾಕಿ. ಮೊದಲನೆಯದಕ್ಕೆ ನಿಮ್ಮ ನಲ್ಲಿಯ ಇಲ್ಲವೇ ಬೋರ್‌ವೆಲ್ ನೀರು, ಎರಡನೆಯದಕ್ಕೆ ಕುದಿಸಿ ಆರಿಸಿ ಬಗ್ಗಿಸಿದ ಅದೇ ನೀರು, ಮೂರನೆಯದಕ್ಕೆ ಹುಣಸೆಹಣ್ಣು ಕಿವುಚಿದ ನೀರು. ನೀರಿನ ಅಳತೆ ಮೂರಕ್ಕೂ ಒಂದೇ ಇರಲಿ. ಮೂರನ್ನೂ ಒಂದೇ ಅಗಲ ಪಾತ್ರೆಯ ಕುದಿನೀರಿನಲ್ಲಿ ನಿಲ್ಲಿಸಿ ಮುಚ್ಚಿ. ಹತ್ತು ಹತ್ತು ನಿಮಿಷಕ್ಕೊಮ್ಮೆ ಪ್ರತಿ ಬಟ್ಟಲಿನಿಂದ ಒಂದು ಬೇಳೆ ತೆಗೆದು ಬೆರಳಲ್ಲಿ ಹಿಸುಕಿ, ಯಾವುದು ಯಾವಾಗ ಮೆತ್ತಗಾಯಿತೆಂದು ವಹಿಯಲ್ಲಿ ಬರೆಯಿರಿ. ಮೊದಲ ಎರಡರಲ್ಲಿ ವ್ಯತ್ಯಾಸವೇ ಕಾಣದಿದ್ದರೆ ಅದೂ ಒಂದು ಫಲಿತಾಂಶವೇ. ನಿಮ್ಮ ನೀರು ಮೃದುವಾಗಿರಬಹುದು, ಇಲ್ಲವೇ ಗಡಸುತನ ಶಾಶ್ವತ ಬಗೆಯದಿರಬಹುದು. ಎರಡರಲ್ಲಿ ಯಾವುದೆಂದು ತಿಳಿಯಲು ಒಂದು ಬಾಟಲಿಯಲ್ಲಿ ಅರ್ಧ ನೀರು ತುಂಬಿ, ಬಟ್ಟೆ ಸೋಪಿನ ಚೂರು ಹಾಕಿ ಕುಲುಕಿ. ನೊರೆ ತುಂಬಿದರೆ ಮೃದು, ಮೊಸರೊಡೆದಂತೆ ಗಸಿಯಾದರೆ ಗಡಸು. ಪುಡಿ ಡಿಟರ್ಜೆಂಟ್ ಬಳಸಬೇಡಿ, ಅದು ಗಡಸು ನೀರಿನಲ್ಲೂ ನೊರೆ ಕೊಡುತ್ತದೆ.

ತರಗತಿಯಲ್ಲಿ ಬೇರೆ ಬೇರೆ ಊರುಗಳಿಂದ ಬರುವ ಗೆಳೆಯರಿದ್ದರೆ ಎಲ್ಲರೂ ತಮ್ಮ ತಮ್ಮ ಊರಿನ ನೀರನ್ನು ತಂದು ಇದೇ ಪರೀಕ್ಷೆ ಮಾಡಿ, ಫಲಿತಾಂಶಗಳನ್ನು ತಾಲ್ಲೂಕಿನ ನಕ್ಷೆಯ ಮೇಲೆ ಗುರುತು ಹಾಕಿ. ವಿಜ್ಞಾನ ವಸ್ತುಪ್ರದರ್ಶನಕ್ಕೆ ಅದೇ ಒಳ್ಳೆಯ ಮಾದರಿಯಾದೀತು.