ಭೂತ ಕಟ್ಟಿದ ಗುಡಿಯಲ್ಲ

ಈಜಿಪ್ಟಿನ ಪಿರಮಿಡ್ಡನ್ನು ಬೇರೆ ಲೋಕದವರು ಬಂದು ಕಟ್ಟಿದರಂತೆ! ನಮ್ಮ ತುರುವೇಕೆರೆಯ ಮೂಲೆ ಶಂಕರೇಶ್ವರ ಗುಡಿಯನ್ನೂ ಭೂತಗಳು ರಾತ್ರೋರಾತ್ರಿ ಕಟ್ಟಿದವು ಅಂತ ನಮ್ಮಜ್ಜಿ ಹೇಳ್ತಾರೆ. ನಾನು ಒಪ್ಪಲ್ಲ. 1990ರಲ್ಲಿ ಪಿರಮಿಡ್ ಹತ್ತಿರ ಅದನ್ನು ಕಟ್ಟಿದ ಕೆಲಸಗಾರರ ಗೋರಿಗಳು ಸಿಕ್ಕವು. ಅವರಿಗೆ ರೊಟ್ಟಿ ಸುಡುತ್ತಿದ್ದ ಜಾಗವೂ ಸಿಕ್ಕಿದೆ. ಬೇರೆ ಲೋಕದವರಿಗೆ ರೊಟ್ಟಿ ಯಾತಕ್ಕೆ?

ಹೊಯ್ಸಳರ ಶಿಲ್ಪಿಗಳು ಬಳಪದ ಕಲ್ಲು ಆರಿಸಿಕೊಂಡರು. ಅದು ಅಗೆದು ತೆಗೆದಾಗ ಮೆತ್ತಗೆ, ಗಾಳಿಗೆ ಬಿಟ್ಟ ಮೇಲೆ ಗಟ್ಟಿ. ಅದಕ್ಕೇ ಅಷ್ಟು ಸಣ್ಣ ಕೆತ್ತನೆ ಬಂದಿದ್ದು. ನುಗ್ಗೇಹಳ್ಳಿಯ 1246ರ ಗುಡಿಯಲ್ಲಿ ಮಲ್ಲಿತಮ್ಮ, ಬೈಚೋಜ ಎಂಬ ಶಿಲ್ಪಿಗಳು ವಿಗ್ರಹದ ಕೆಳಗೆ ತಮ್ಮ ಹೆಸರು ಕೆತ್ತಿದ್ದಾರೆ. ಭೂತದ ಕೆಲಸ ಅಂದ್ರೆ ಅವರ ಕೂಲಿ ಕಿತ್ಕೊಂಡಂಗೆ ಅಲ್ವಾ?

ಒಂದೂ ಕೆತ್ತದ ನಾವು ಮೊಳೆಯಲ್ಲಿ ಗೋಡೆ ಮೇಲೆ ಹೆಸರು ಕೆರೀತೀವಿ. ಹೋದ ವರ್ಷ ನಾನೂ ಕೆರೆದಿದ್ದೆ. ಮೊನ್ನೆ ನೀರು ಹಾಕಿ ತಿಕ್ಕಿದೆ, ಹೋಗಲಿಲ್ಲ.