ಅಜ್ಜನ ರಿವಾಲ್ವರಿನ ಮೇಲಿನ ಕಿರೀಟ ಯಾರದು?

ಈ ಅಂಕಣಕ್ಕೆ ಬರೋ ಪತ್ರಗಳಲ್ಲಿ ಹಿತ್ತಾಳೆ ಚೊಂಬು, ಗೋಡೆ ಗಡಿಯಾರ, ಗ್ರಾಮಫೋನು ಇವೇ ಜಾಸ್ತಿ. ಈ ಸಲ ಹನೂರು ಕಡೆಯ ಓದುಗರೊಬ್ಬರು ರಿವಾಲ್ವರಿನ ಫೋಟೊ ಕಳಿಸಿದ್ದಾರೆ. ಅವರ ಅಜ್ಜ ಮೈಸೂರಿನಲ್ಲಿ ನೌಕರಿಯಲ್ಲಿದ್ದಾಗ ಗುರಿ ಹೊಡೆಯೋ ಸ್ಪರ್ಧೆಗಳಿಗೆ ಹೋಗ್ತಿದ್ದರಂತೆ. ಅದಕ್ಕೆಂದೇ ಹೇಳಿ ಮಾಡಿಸಿಕೊಂಡದ್ದು ಇದು. ಅಜ್ಜ ಹೋದ ವರ್ಷ ತೀರಿಕೊಂಡರು. ‘ನಳಿಗೆ ಮೇಲೆ ಕಿರೀಟ ಇದೆ ಸರ್. ಅರಮನೆಯಿಂದ ಬಂದದ್ದು ಅಂತ ನಮ್ಮನೇಲಿ ಎಲ್ಲರೂ ಹೇಳ್ತಾರೆ. ನಿಜವಾಗ್ಲೂ ಮಾಡಿದ್ದು ಯಾರು?’ ಅನ್ನೋದು ಪ್ರಶ್ನೆ.

ಅರಮನೆಯ ಕತೆಯನ್ನ ಮೊದಲು ಮುಗಿಸಿಬಿಡೋಣ. ಫೋಟೊ ದೊಡ್ಡದು ಮಾಡಿ ನೋಡಿದರೆ ಕಿರೀಟದ ಕೆಳಗೆ ಎರಡೆರಡು ಪುಟ್ಟ ಇಂಗ್ಲಿಷ್ ಅಕ್ಷರಗಳಿವೆ: ಒಂದು ಕಡೆ ಬಿ.ವಿ., ಇನ್ನೊಂದು ಕಡೆ ಎನ್.ಪಿ. ಇದು ಮೈಸೂರಿನ ಕಿರೀಟ ಅಲ್ಲ, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಪರೀಕ್ಷಾ ಮುದ್ರೆ. ಅಲ್ಲಿ 1813ರ ಕಾನೂನಿನಿಂದ ಹುಟ್ಟಿದ ಒಂದು ಪರೀಕ್ಷಾಲಯ ಇದೆ. ಪ್ರತಿ ಕೋವಿಗೂ ಮಾಮೂಲಿಗಿಂತ ಹೆಚ್ಚು ಮದ್ದು ತುಂಬಿ ಹಾರಿಸ್ತಾರೆ. ನಳಿಗೆ ಸಿಡಿಯದೆ ಉಳಿದರೆ ಕಿರೀಟ ಒತ್ತುತ್ತಾರೆ. ನಮ್ಮ ಚಿನ್ನಕ್ಕೆ ಹಾಲ್‌ಮಾರ್ಕ್ ಹಾಕ್ತಾರಲ್ಲ, ಹಾಗೆ. ಬಳೆ ಮೇಲಿನ ಹಾಲ್‌ಮಾರ್ಕ್ ನೋಡಿ ಅಕ್ಕಸಾಲಿ ಯಾರು ಅಂತ ಹೇಳೋಕಾಗುತ್ತಾ? ಬೇರೆ ದೇಶದಲ್ಲಿ ತಯಾರಾಗಿ ಇಂಗ್ಲೆಂಡಿನಲ್ಲಿ ಮಾರಾಟವಾದ ಕೋವಿಗಳಿಗೂ ಇಂಥ ಮುದ್ರೆ ಬೀಳುತ್ತಿತ್ತು.

ಹಳೇ ಕೋವಿಗಳಲ್ಲಿ ಇನ್ನೊಂದು ಗೊಂದಲ, ಅಂಗಡಿಯ ಹೆಸರು. ‘ಮ್ಯಾಂಟನ್ ಅಂಡ್ ಕಂಪನಿ, ಕಲ್ಕತ್ತಾ’, ‘ಆರ್ಮಿ ಅಂಡ್ ನೇವಿ’ ಅಂತ ನಳಿಗೆ ಮೇಲೆ ಚೆಂದದ ಅಕ್ಷರ ಇರುತ್ತೆ. ಅದು ಎಷ್ಟೋ ಸಲ ಮಾರಿದವರದ್ದು, ಮಾಡಿದವರದ್ದಲ್ಲ.

ಇವರ ರಿವಾಲ್ವರಿನಲ್ಲಿ ಸುಳಿವು ಇರೋದು ಪಕ್ಕದಲ್ಲಿ, ಸವೆದುಹೋದ ಒಂದು ಪುಟ್ಟ ಚಿತ್ರದಲ್ಲಿ: ರೆಕ್ಕೆ ಇರುವ ಗುಂಡು. ಅದು ಬರ್ಮಿಂಗ್‌ಹ್ಯಾಮಿನ ವೆಬ್ಲಿ ಅಂಡ್ ಸ್ಕಾಟ್ ಕಂಪನಿಯ ಗುರುತು. ಮೇಲಿನ ಚಿಲಕ ಒತ್ತಿದರೆ ನಳಿಗೆ ಮುಂದಕ್ಕೆ ಬಾಗಿ ಮಧ್ಯಕ್ಕೆ ತೆರೆದುಕೊಳ್ಳುವ ಕಟ್ಟೂ ಅವರದ್ದೇ ಶೈಲಿ. ಹಾಗಾಗಿ ಮೂಲ ಕಾರ್ಖಾನೆ ಅದು ಅಂತ ಧೈರ್ಯವಾಗಿ ಹೇಳಬಹುದು.

ಇನ್ನು ನಂಬರು. ನಾಲ್ಕು ಅಂಕಿ ಓದೋಕೆ ಆಗ್ತಿದೆ, ಉಳಿದದ್ದು ಮಾಸಿದೆ. ಕಾರಣವನ್ನ ಅವರೇ ಬರೆದಿದ್ದಾರೆ. ಪ್ರತಿ ಆಯುಧಪೂಜೆಗೂ ಅಜ್ಜಿ ಹುಣಸೆಹಣ್ಣು ಹಾಕಿ ತಿಕ್ಕಿ ಅರಿಶಿನ ಕುಂಕುಮ ಇಡ್ತಿದ್ದರಂತೆ. ಮಚ್ಚು, ಕುಡುಗೋಲು, ರಿವಾಲ್ವರ್ ಎಲ್ಲಕ್ಕೂ ಒಂದೇ ಸೇವೆ! ನಗು ಬಂತು ನಿಜ, ಆದರೆ ವಿಷಯ ನಗುವಂಥದ್ದಲ್ಲ. 1959ರ ಆಯುಧ ಕಾಯ್ದೆಯ 8ನೇ ಸೆಕ್ಷನ್ ಪ್ರಕಾರ ತಯಾರಕರ ಹೆಸರಾಗಲಿ ನಂಬರಾಗಲಿ ಅಳಿಸಿದ ಕೋವಿ ಯಾರ ಬಳಿ ಸಿಗುತ್ತೋ ಅವರೇ ಅಳಿಸಿದ್ದು ಅಂತ ಕಾನೂನು ಮೊದಲಿಗೆ ಭಾವಿಸುತ್ತೆ. ಅಲ್ಲ ಅಂತ ತೋರಿಸೋ ಹೊಣೆ ಇಟ್ಟುಕೊಂಡವರದ್ದು. ಅಜ್ಜಿಯ ಹುಣಸೆಹಣ್ಣಿನ ಕತೆಯನ್ನ ಠಾಣೆಯಲ್ಲಿ ಹೇಳಿ ನಂಬಿಸೋದು ಸುಲಭ ಇಲ್ಲ.

ಅದೂ ಹನೂರಿನಂಥ ಊರಲ್ಲಿ. 1992ರಲ್ಲಿ ಅಲ್ಲೇ ಹತ್ತಿರದ ರಾಮಾಪುರ ಠಾಣೆಗೆ ವೀರಪ್ಪನ್ ತಂಡ ನುಗ್ಗಿ ಪೊಲೀಸರನ್ನ ಕೊಂದು ಬಂದೂಕು ಹೊತ್ತೊಯ್ದದ್ದು ದೊಡ್ಡವರಿಗೆಲ್ಲ ನೆನಪಿದೆ. ಕಾಡಂಚಿನಲ್ಲಿ ಇವತ್ತಿಗೂ ನಾಡಬಂದೂಕು ಸಿಕ್ಕ ಸುದ್ದಿ ಬರುತ್ತೆ. ನಾಡಬಂದೂಕಿಗೆ ಹೆಸರೂ ಇಲ್ಲ, ನಂಬರೂ ಇಲ್ಲ. ಹಾಗೆ ಇರಬೇಕೆಂದೇ ಮಾಡಿದ್ದು. ನಳಿಗೆಯ ಒಳಗೆ ಸುರುಳಿ ಗೀರು ಇರಲ್ಲ, ಬರೀ ನುಣುಪು. ರಿವಾಲ್ವರಿನ ಗುಂಡಿನ ಮೇಲೆ ಬೀಳುವ ಗೀರು ನೋಡಿ ಇದೇ ನಳಿಗೆಯಿಂದ ಬಂತು ಅಂತ ಪ್ರಯೋಗಾಲಯದವರು ಪತ್ತೆ ಮಾಡ್ತಾರಲ್ಲ, ಅದಕ್ಕೂ ಅಲ್ಲಿ ಆಸ್ಪದ ಕಡಿಮೆ. ಅಂಥ ಕಡೆ ನಂಬರ್ ಮಾಸಿದ ಕೋವಿ ಬೀರುವಿನಲ್ಲಿ ಇದ್ದರೆ ಅಜ್ಜನ ಪದಕಗಳನ್ನ ಯಾರೂ ಕೇಳಲ್ಲ.

ಆದ್ದರಿಂದ ನನ್ನ ಓದುಗರೇ, ಮಾಡಿದವರನ್ನ ಹುಡುಕೋದು ಆಮೇಲೆ. ಲೈಸೆನ್ಸ್ ಅಜ್ಜನ ಹೆಸರಲ್ಲಿತ್ತು, ಅವರೊಂದಿಗೇ ಹೋಯಿತು. ಈಗ ಅದನ್ನ ಮನೆಯಲ್ಲಿ ಇಟ್ಟುಕೊಳ್ಳೋ ಹಾಗಿಲ್ಲ. ತಡಮಾಡದೆ ಠಾಣೆಯಲ್ಲೋ ಲೈಸೆನ್ಸ್ ಇರುವ ಕೋವಿ ಅಂಗಡಿಯಲ್ಲೋ ಒಪ್ಪಿಸಿ ರಸೀದಿ ತಗೊಳ್ಳಿ. ಹಾಗಂತ ವಸ್ತು ಕೈಬಿಟ್ಟುಹೋಗಲ್ಲ. ವಾರಸುದಾರರು ತಮ್ಮ ಹೆಸರಿಗೆ ಲೈಸೆನ್ಸ್ ಕೇಳಬಹುದು. 2019ರ ತಿದ್ದುಪಡಿ ಆದಮೇಲೆ ಒಬ್ಬರಿಗೆ ಎರಡೇ ಕೋವಿ ಅನ್ನೋದು ಗೊತ್ತಿರಲಿ. ನಿಮ್ಮಪ್ಪನ ಹೆಸರಲ್ಲಿ ಬೆಳೆ ರಕ್ಷಣೆಯದ್ದು ಇದ್ದರೆ ಅದೂ ಲೆಕ್ಕಕ್ಕೆ ಬರುತ್ತೆ.

ಹೋಗೋ ಮುಂಚೆ ಅಜ್ಜನ ಟ್ರಂಕ್ ಜಾಲಾಡಿ. ಹಳೇ ಲೈಸೆನ್ಸ್ ಪುಸ್ತಕದಲ್ಲಿ ಕಂಪನಿ, ನಂಬರ್ ಎರಡೂ ಬರೆದಿರುತ್ತಾರೆ. ಚುನಾವಣೆ ಬಂದಾಗ ಕೋವಿಯನ್ನ ಠಾಣೆಯಲ್ಲಿ ಇಟ್ಟು ರಸೀದಿ ತಂದಿರ್ತಾರೆ, ಅದರಲ್ಲೂ ಸಿಗಬಹುದು. ಮಾಸಿದ ಅಂಕಿಗೆ ನೀವು ಏನೂ ಹಚ್ಚಬೇಡಿ, ತಿಕ್ಕಬೇಡಿ. ಅಚ್ಚು ಒತ್ತಿದ ಜಾಗದಲ್ಲಿ ಲೋಹ ಒಳಗೂ ಅದುಮಿಕೊಂಡಿರುತ್ತೆ. ಪ್ರಯೋಗಾಲಯದಲ್ಲಿ ಆಮ್ಲ ಸವರಿ ಅದನ್ನ ಮೇಲೆ ಬರಿಸೋ ವಿಧಾನ ಇದೆ.

ಒಂದು ನಂಬರಿಗೆ ಎಷ್ಟು ಬೆಲೆ ಅಂತೀರಾ? 1914ರ ಆಗಸ್ಟಿನಲ್ಲಿ ಕಲ್ಕತ್ತಾದ ರೊಡ್ಡಾ ಕಂಪನಿಯ 50 ಮೌಸರ್ ಪಿಸ್ತೂಲುಗಳನ್ನ ಬಂಗಾಳದ ಕ್ರಾಂತಿಕಾರಿಗಳು ಹಾರಿಸಿಕೊಂಡು ಹೋದರು. ಕಂಪನಿಯವರು ಎಲ್ಲದರ ನಂಬರ್ ಬರೆದಿಟ್ಟಿದ್ದರು. ಆಮೇಲೆ ಎಲ್ಲಿ ಯಾವ ಮೌಸರ್ ಸಿಕ್ಕಿದರೂ ಆ ಪಟ್ಟಿಗೆ ತಾಳೆ ನೋಡಿದರೆ ಸಾಕಿತ್ತು.

ಈಗ ನನಗೆ ಇಷ್ಟವಾದ ಭಾಗಕ್ಕೆ ಬರ್ತೀನಿ. ವೆಬ್ಲಿ ಅಂದೆನಲ್ಲ, ಅದು ಅರ್ಧ ಉತ್ತರ ಅಷ್ಟೇ. ಫೋಟೊದಲ್ಲಿರೋ ಹಿಡಿ ಕಾರ್ಖಾನೆಯದ್ದಲ್ಲ. ವೆಬ್ಲಿಯವರು ಸಾಮಾನ್ಯವಾಗಿ ಹಾಕುತ್ತಿದ್ದದ್ದು ಕಪ್ಪು ಗಟ್ಟಿ ರಬ್ಬರಿನ ಹಿಡಿ. ಇಲ್ಲಿರೋದು ಬೀಟೆ ಮರ, ಹೆಬ್ಬೆರಳು ಊರೋಕೆ ಅಂತ ಒಂದು ಪಕ್ಕ ದಿಂಡು ಬಿಟ್ಟು ಕೆತ್ತಿದ್ದಾರೆ. ಬೀಟೆ ಬರ್ಮಿಂಗ್‌ಹ್ಯಾಮಿನಲ್ಲಿ ಬೆಳೆಯಲ್ಲ. ಹಿಂದಿನ ಸೈಟನ್ನೂ (ನಿವೇಶನ ಅಲ್ಲ, ಗುರಿ ಹಿಡಿಯೋ ಸೀಳು) ಬದಲಾಯಿಸಿದ್ದಾರೆ. ಅರದಿಂದ ಉಜ್ಜಿದ ಗೆರೆ ಕಾಣುತ್ತೆ, ಎಡಬಲಕ್ಕೆ ಸರಿಸೋಕೆ ಪುಟ್ಟ ಸ್ಕ್ರೂ ಇದೆ. ಅಜ್ಜನ ಅಂಗೈ ಅಳತೆ ತಗೊಂಡು ಇದನ್ನೆಲ್ಲ ಮಾಡಿದ ಮನುಷ್ಯ ಒಬ್ಬ ಇದ್ದ, ಬಹುಶಃ ನಮ್ಮ ಸೀಮೆಯವನೇ. ಕಾರ್ಖಾನೆ ಹೆಸರು ಹಾಕಿಕೊಂಡಿತು, ಇವನು ಹಾಕಿಕೊಳ್ಳಲಿಲ್ಲ.

ಒಂದು ಕಾಲಕ್ಕೆ ನಮ್ಮಲ್ಲೂ ಹಾಕಿಕೊಳ್ಳುತ್ತಿದ್ದರು. ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿಗಾಗಿ ಮಾಡಿದ ಕೋವಿಗಳಲ್ಲಿ ಹುಲಿಪಟ್ಟೆ, ‘ಹೈದರ್’ ಅನ್ನೋ ಅಕ್ಷರಗಳ ಮುದ್ರೆ, ಊರು, ಟಿಪ್ಪುವಿನ ಮೌಲೂದಿ ಲೆಕ್ಕದ ವರ್ಷ, ಜೊತೆಗೆ ಮಾಡಿದವನ ಹೆಸರೂ ಸಿಗುತ್ತೆ. 1793–94ರ ಒಂದು ಕೋವಿಯ ಮೇಲೆ ಅಸದ್ ಖಾನ್ ಮುಹಮ್ಮದ್ ಅಂತಿದೆ. ಹಾಗಾಗಿಯೇ ಇಷ್ಟು ವರ್ಷ ಆದಮೇಲೂ ಆ ಹೆಸರು ಇಲ್ಲಿ ಬರೆಯೋಕೆ ನನಗೆ ಸಾಧ್ಯವಾಯಿತು.

ಹೇಳಿ ಮಾಡಿಸಿದ ಕೋವಿಗಳಲ್ಲಿ ಕೆಲಸಗಾರರು ಹೊರಗೆ ಬರೆಯದಿದ್ದರೂ ಹಿಡಿಯ ಒಳಮೈಯಲ್ಲಿ ಪೆನ್ಸಿಲಿನಿಂದ ಹೆಸರೋ ತಾರೀಕೋ ಗೀಚಿರೋದುಂಟು. ನೀವು ಬಿಚ್ಚೋಕೆ ಹೋಗಬೇಡಿ. ಅಂಗಡಿಯವರಿಗೆ ಒಪ್ಪಿಸುವ ದಿನ ಅವರ ಕೈಯಿಂದಲೇ ಆ ಒಂದು ಸ್ಕ್ರೂ ತೆಗೆಸಿ, ಎರಡೂ ಹೋಳಿನ ಒಳಭಾಗದ ಫೋಟೊ ತೆಗೆಯಿರಿ. ಅಜ್ಜನ ಜೊತೆ ಸ್ಪರ್ಧೆಗೆ ಹೋಗ್ತಿದ್ದವರು ಮೈಸೂರಿನಲ್ಲಿ ಯಾರಾದರೂ ಇದ್ದಾರಾ ಅಂತ ಅಜ್ಜಿಯನ್ನೂ ಕೇಳಿನೋಡಿ. ಹಿಡಿ ಕೆತ್ತಿದವನ ಹೆಸರು ಅವರಿಗೆ ಗೊತ್ತಿದ್ದರೂ ಗೊತ್ತಿರಬಹುದು.