ನೆಲವುಳ್ಳವರ ನ್ಯಾಯಾಧೀಶ

ನ್ಯಾಯಾಸನಕ್ಕೆ ವರ್ಗವಿಲ್ಲ, ಪಕ್ಷವಿಲ್ಲ ಎಂದು ನಮಗೆ ಬುದ್ಧಿ ಹೇಳುವ ದೊಡ್ಡಮನುಷ್ಯರು ಸ್ಕಾಟ್ಲೆಂಡಿನ ಲಾರ್ಡ್ ಬ್ರಾಕ್ಸ್‌ಫೀಲ್ಡನ ಚರಿತ್ರೆಯನ್ನು ಒಮ್ಮೆ ನೋಡಬೇಕು.

ಹುಟ್ಟುಹೆಸರು ರಾಬರ್ಟ್ ಮ್ಯಾಕ್ವೀನ್. 1722ರಲ್ಲಿ ಹುಟ್ಟಿ 1744ರಲ್ಲಿ ವಕೀಲನಾದ. ಮರುವರ್ಷ ರಾಜನ ವಿರುದ್ಧ ದಂಗೆಯೆದ್ದು ಅಡಗಿತು. ದಂಗೆಗಾರರ ಜಮೀನುಗಳು ಮುಟ್ಟುಗೋಲಾದವು. ಆ ವ್ಯಾಜ್ಯಗಳಲ್ಲಿ ಸರ್ಕಾರದ ಪರ ವಾದಿಸಿಯೇ ಈತ ಮೇಲೆ ಬಂದದ್ದು. ಭೂಕಾನೂನಿನಲ್ಲಿ ಅಸಾಧ್ಯ ಪಂಡಿತ, ಒಪ್ಪೋಣ. 1776ರಲ್ಲಿ ನ್ಯಾಯಾಧೀಶ, 1788ರಲ್ಲಿ ಲಾರ್ಡ್ ಜಸ್ಟಿಸ್ ಕ್ಲರ್ಕ್. ಹೆಸರಿಗೆ ಕ್ಲರ್ಕು, ಕ್ರಿಮಿನಲ್ ಕೋರ್ಟಿಗೆ ಯಜಮಾನ!

1793ರ ಆಗಸ್ಟಿನಲ್ಲಿ ಥಾಮಸ್ ಮ್ಯೂರ್ ಎಂಬ ತರುಣ ವಕೀಲನನ್ನು ಇವನ ಮುಂದೆ ನಿಲ್ಲಿಸಿದರು. ಅವನು ಬಂದೂಕು ಹಿಡಿದವನಲ್ಲ. ಇಡೀ ಸ್ಕಾಟ್ಲೆಂಡಿನಲ್ಲಿ ಕೆಲವೇ ಸಾವಿರ ಜನರಿಗೆ ಓಟಿದ್ದ ಕಾಲದಲ್ಲಿ ಸಾಮಾನ್ಯರಿಗೂ ಓಟು ಬೇಕೆಂದ. ಥಾಮಸ್ ಪೇನನ ಪುಸ್ತಕ ಹಂಚಿದ. ಇದಕ್ಕೆ ರಾಜದ್ರೋಹವೆಂದು ಹೆಸರು.

ಹೆಸರು ಕರೆದ ನಲವತ್ತೈದು ಜನರೊಳಗಿಂದ ಹದಿನೈದು ಜ್ಯೂರಿಗಳನ್ನು ಆರಿಸುವ ಅಧಿಕಾರ ಆಗ ನ್ಯಾಯಾಧೀಶನದೇ. ಆರಿಸಿದವರು ಮ್ಯೂರನನ್ನು ಮೊದಲೇ ಖಂಡಿಸಿದ್ದ ಸಂಘವೊಂದರ ಸದಸ್ಯರು. ಆರೋಪಿ ಆಕ್ಷೇಪಿಸಿದ, ಕೋರ್ಟು ತಳ್ಳಿಹಾಕಿತು. ವಾದಿಸಿದ ಸರ್ಕಾರಿ ವಕೀಲ ಯಾರು? ಗೃಹಮಂತ್ರಿ ಹೆನ್ರಿ ಡಂಡಾಸನ ಅಣ್ಣನ ಮಗ. (1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಲಂಡನ್ನಿನಲ್ಲಿ ಇಂಡಿಯಾದ ಆಡಳಿತ ಮಂಡಳಿಗೆ ಅಧ್ಯಕ್ಷನಾಗಿದ್ದವನೂ ಇದೇ ಹೆನ್ರಿ ಡಂಡಾಸ್.)

ಬ್ರಾಕ್ಸ್‌ಫೀಲ್ಡ್ ಜ್ಯೂರಿಗೆ ಹೇಳಿದ್ದರ ಸಾರ ಕೇಳಿರಿ. ಪ್ರತಿನಿಧಿಗಳನ್ನು ಪಡೆಯುವ ಹಕ್ಕು ನೆಲವುಳ್ಳವರಿಗೆ ಮಾತ್ರ. ಉಳಿದವರು ತಮ್ಮ ಆಸ್ತಿಯನ್ನೆಲ್ಲ ಬೆನ್ನಿಗೇರಿಸಿಕೊಂಡು ಕಣ್ಣುಮುಚ್ಚಿ ತೆರೆಯುವುದರೊಳಗೆ ದೇಶ ಬಿಟ್ಟಾರು, ಅವರಿಗೇಕೆ ಹಕ್ಕು? ಮಗ್ಗದವನೂ ಗಿರಣಿಯವನೂ ಮಾತ್ರವಲ್ಲ, ಬಾಡಿಗೆ ಮಳಿಗೆಯಲ್ಲಿ ಸಾಮಾನು ಹರಡಿ ಕುಳಿತ ವ್ಯಾಪಾರಿ ಮಿತ್ರನೇ, ನೀನೂ ಈ ಲೆಕ್ಕದಲ್ಲಿ ಬಂದೆ!

ಮ್ಯೂರನಿಗೆ ಹದಿನಾಲ್ಕು ವರ್ಷ ದ್ವೀಪಾಂತರ. 1794ರಲ್ಲಿ ಸ್ಕರ್ವಿಂಗ್, ಮಾರ್ಗರಾಟ್, ಜೆರಾಲ್ಡ್ ಎಂಬವರಿಗೂ ಅಷ್ಟೇ. ಯೇಸು ಕ್ರಿಸ್ತನೂ ಸುಧಾರಕನೇ ಎಂದ ಜೆರಾಲ್ಡನಿಗೆ, ಅದರಿಂದ ಅವನಿಗೇನು ಸಿಕ್ಕಿತು, ನೇಣು ತಾನೇ ಎಂಬರ್ಥದಲ್ಲಿ ನ್ಯಾಯಾಧೀಶ ಪೀಠದಿಂದ ನಕ್ಕನೆಂದು ಕಾಕ್‌ಬರ್ನ್ ಎಂಬ ನಂತರದ ನ್ಯಾಯಾಧೀಶನೇ ಬರೆದಿಟ್ಟಿದ್ದಾನೆ.

"ಆ ಕಾಲವೇ ಹಾಗಿತ್ತು" ಎಂದು ಪಂಡಿತರು ಸಮಜಾಯಿಷಿ ಕೊಡುತ್ತಾರೆ. ಸುಳ್ಳು! ಅದೇ 1794ರ ನವೆಂಬರಿನಲ್ಲಿ, ಅದೇ ದೊರೆಯ ರಾಜ್ಯದಲ್ಲಿ, ಓಟು ಕೇಳಿದ ಥಾಮಸ್ ಹಾರ್ಡಿ ಎಂಬ ಚಮ್ಮಾರನನ್ನು ಲಂಡನ್ನಿನ ಜ್ಯೂರಿ ನಿರ್ದೋಷಿಯೆಂದು ಬಿಟ್ಟಿತು. ಅವನ ಮೇಲಿದ್ದದ್ದು ಇನ್ನೂ ಘೋರವಾದ ಆರೋಪ, ತಪ್ಪಿತಸ್ಥನೆಂದಿದ್ದರೆ ಮರಣವೇ. ಕಾಲ ಒಂದೇ. ಜ್ಯೂರಿಯನ್ನು ಆರಿಸಿದ ಕೈ ಬೇರೆ.

ಸ್ಕರ್ವಿಂಗ್, ಜೆರಾಲ್ಡ್ ಇಬ್ಬರೂ 1796ರ ಮಾರ್ಚಿನಲ್ಲಿ ಸಿಡ್ನಿಯಲ್ಲಿ ಸತ್ತರು. ಮ್ಯೂರ್ ಅಮೆರಿಕದ ಹಡಗು ಹತ್ತಿ ತಪ್ಪಿಸಿಕೊಂಡು, ದಾರಿಯ ಕಾಳಗದಲ್ಲಿ ಕಣ್ಣು ಕಳೆದುಕೊಂಡು, 1799ರ ಜನವರಿಯಲ್ಲಿ ಫ್ರಾನ್ಸಿನಲ್ಲಿ ತೀರಿಕೊಂಡ. ಬ್ರಾಕ್ಸ್‌ಫೀಲ್ಡ್ ಅದೇ ಮೇ ತಿಂಗಳಲ್ಲಿ ಸತ್ತ, ಪದವಿ ಬಿಡದೆ. ಜ್ಯೂರಿಯನ್ನು ಆರಿಸುವ ಅಧಿಕಾರವನ್ನು ಸ್ಕಾಟ್ಲೆಂಡಿನ ನ್ಯಾಯಾಧೀಶರ ಕೈಯಿಂದ ಕಿತ್ತು ಚೀಟಿ ಎತ್ತುವ ಪದ್ಧತಿ ತಂದದ್ದು 1825ರಲ್ಲಿ, ಅದೂ ವರ್ಷಗಟ್ಟಲೆ ಗಲಾಟೆಯಾದ ಮೇಲೆ.